ಥ್ರಿಲ್ಲರ್ ಓದಿ ಅಂತ ಹೇಳುವ ಮುಂಚೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ 'ಓದಲೇಬೇಕಾದ ಥ್ರಿಲ್ಲರ್‌ಗಳು' ಬರಹ ಓದಿದೆ. ಹತ್ತು ಪುಸ್ತಕ, ಹತ್ತಕ್ಕೂ ಒಂದೇ ಮಾತು: 'ಕೈಗೆತ್ತಿಕೊಂಡರೆ ಕೆಳಗಿಡೋಕಾಗಲ್ಲ.' ಹೆಸರುಗಳನ್ನು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗಲ್ಲ, ಅಲ್ವಾ? ಮೇಲಿಂದ 'ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ' ಅಂತ ಮೂರು ಕಡೆ ಬರೆದಿದ್ದೀಯ. ಅದನ್ನು ಮೊದಲು ಹೊಡೆದು ಹಾಕು. ಟ್ವಿಸ್ಟ್ ಏನು ಅಂತ ಹೇಳದಿದ್ದರೂ, ಇದೆ ಅಂತ ಹೇಳಿದರೆ ಅರ್ಧ ಕೆಲಸ ಕೆಟ್ಟಂತೆ. ಓದುಗ ಮೊದಲ ಪುಟದಿಂದಲೇ ಎಲ್ಲ ಪಾತ್ರಗಳನ್ನೂ ಅನುಮಾನದಿಂದ ನೋಡುತ್ತಾನೆ. ಲೇಖಕ ಅವನ ಕಣ್ತಪ್ಪಿಸಬೇಕು ಅಂದುಕೊಂಡ ಜಾಗದಲ್ಲೇ ಅವನು ಕಣ್ಣರಳಿಸಿ ಕೂತಿರುತ್ತಾನೆ.

ಹಾಗಾದರೆ ಏನು ಹೇಳಬೇಕು? ಪುಸ್ತಕ ನಿನ್ನನ್ನು ಎಲ್ಲಿ ಹಿಡಿದುಕೊಂಡಿತು ಅನ್ನುವುದನ್ನು ಹೇಳು.

ನಿನ್ನ ಪಟ್ಟಿಯಲ್ಲೇ ಇರುವ, ಫ್ರೆಡರಿಕ್ ಫೋರ್ಸಿತ್ 1971ರಲ್ಲಿ ಪ್ರಕಟಿಸಿದ 'ದಿ ಡೇ ಆಫ್ ದಿ ಜಾಕಲ್' ತೆಗೆದುಕೋ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುತ್ತಾನೆ. ನಿಜದಲ್ಲಿ ಡಿ ಗಾಲ್ 1970ರಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡರು. ಅಂದರೆ ಹಂತಕನ ಕೆಲಸ ಆಗಲ್ಲ ಅಂತ ಪುಸ್ತಕ ತೆರೆಯುವ ಮೊದಲೇ ಗೊತ್ತು! ಆದರೂ ಅಂಗೈ ಬೆವರುತ್ತದೆ. ಯಾಕೆ ಗೊತ್ತಾ? ಅವನು ಕೆಲಸ ಮಾಡುವ ರೀತಿ. ಎಂದೋ ಸತ್ತ ಮಗುವಿನ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸುತ್ತಾನೆ. ಹೇಳಿ ಮಾಡಿಸಿದ ಬಂದೂಕನ್ನು ಕಾಡಿಗೆ ಒಯ್ಯುತ್ತಾನೆ. ಒಂದು ಕರಬೂಜದ ಹಣ್ಣಿಗೆ ಬಣ್ಣ ಬಳಿದು, ಕಣ್ಣು ಮೂಗು ಬಾಯಿ ಬರೆದು, ಮರಕ್ಕೆ ತೂಗುಹಾಕುತ್ತಾನೆ. ದೂರ ಹೋಗಿ ಗುಂಡು ಹಾರಿಸುತ್ತಾನೆ, ದುರ್ಬೀನಿನ ಸ್ಕ್ರೂ ಚೂರು ತಿರುಗಿಸುತ್ತಾನೆ, ಮತ್ತೆ ಹಾರಿಸುತ್ತಾನೆ. ಅಲ್ಲಿ ಅಪಾಯವೂ ಇಲ್ಲ, ಓಟವೂ ಇಲ್ಲ. ಆದರೂ ಉಸಿರು ಬಿಗಿಹಿಡಿದು ಓದುತ್ತೇವೆ. ಇಷ್ಟು ಅಚ್ಚುಕಟ್ಟಿನ ಮನುಷ್ಯ ಎಲ್ಲಿ ಎಡವುತ್ತಾನೆ ಅನ್ನುವುದೇ ಕುತೂಹಲ. ಒಂದೊಂದು ಸಲ ಎಡವದಿದ್ದರೆ ಸಾಕಪ್ಪಾ ಅಂತಲೂ ಅನ್ನಿಸುತ್ತದೆ, ನಾಚಿಕೆಗೇಡು! ಆ ಕರಬೂಜದ ಪುಟಗಳ ಬಗ್ಗೆ ನಾಲ್ಕು ಸಾಲು ಬರೆದರೆ ಸಾಕು. ಬೇಕಾದವರು ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ಮೊದಲ ಪುಟದಲ್ಲೇ ಹೊಡೆದಾಟ ಬೇಕು ಅನ್ನುವವರು ಸುಮ್ನೆ ದುಡ್ಡು ಕಳೆದುಕೊಳ್ಳುವುದೂ ತಪ್ಪುತ್ತದೆ.

ಎದುರಿಗೆ ಕೂತು ಯಾರಾದರೂ 'ಒಂದು ಒಳ್ಳೇ ಥ್ರಿಲ್ಲರ್ ಹೇಳಿ' ಅಂದರೆ ಇಷ್ಟದ ಪುಸ್ತಕ ಯಾವುದು ಅಂತ ಕೇಳಬೇಡ. ಅರ್ಧಕ್ಕೇ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟರು ಅಂತ ಕೇಳು. 'ಬರೀ ಮಾತು, ಏನೂ ನಡೆಯಲ್ಲ' ಅಂದವರಿಗೆ ಡೇವಿಡ್ ಮೊರೆಲ್‌ನ 'ಫಸ್ಟ್ ಬ್ಲಡ್' ಕೊಡು. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕ, ಅವನ ಬೆನ್ನು ಬಿದ್ದ ಪೊಲೀಸ್ ಅಧಿಕಾರಿ, ಇಬ್ಬರ ಕಡೆಯಿಂದಲೂ ಕಥೆ ಓಡುತ್ತದೆ. ಸಿನಿಮಾ ನೋಡಿದ್ದೇನೆ ಅಂದರೆ, ಪುಸ್ತಕದ ಕೊನೆ ಬೇರೆ ಅಂತಷ್ಟೇ ಹೇಳಿ ಬಾಯಿ ಮುಚ್ಚಿಕೋ. 'ಬರೀ ಗುಂಡು, ತಲೆನೋವು' ಅಂದವರಿಗೆ ಜೆಫ್ರಿ ಹೌಸ್‌ಹೋಲ್ಡ್‌ನ 'ರೋಗ್ ಮೇಲ್' ಇದೆ, 1939ರದ್ದು. ಸರ್ವಾಧಿಕಾರಿಯೊಬ್ಬನಿಗೆ ಗುರಿಯಿಟ್ಟು ಸಿಕ್ಕಿಬಿದ್ದ ಬೇಟೆಗಾರ, ತಪ್ಪಿಸಿಕೊಂಡು ಕೊನೆಗೆ ನೆಲದಲ್ಲಿ ಬಿಲ ತೋಡಿಕೊಂಡು ಅಡಗುತ್ತಾನೆ. ಅಲ್ಲಾಡದೆ ಕೂತವನ ಕಥೆ ಇಷ್ಟು ಎದೆ ಹೊಡೆಸುತ್ತದೆ ಅಂದರೆ ನಂಬೋದು ಕಷ್ಟ. ಥ್ರಿಲ್ಲರ್ ಬರೆಯಬೇಕು ಅಂತಿದ್ದೀಯಲ್ಲ, ಇವೆರಡನ್ನೂ ಒಂದರ ಹಿಂದೊಂದು ಓದಿ ನೋಡು.

ಪುಸ್ತಕದ ಕೊರತೆಯನ್ನೂ ಮುಚ್ಚಿಡಬೇಡ. ಹಳೆಯ ಗೂಢಚಾರ ಕಾದಂಬರಿಗಳಲ್ಲಿ ಹೆಂಗಸರ ಪಾತ್ರಗಳು ಎಷ್ಟೋ ಸಲ ತೀರಾ ಪೇಲವ. ರಕ್ತಪಾತ ಜಾಸ್ತಿ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳು. ಸರಣಿಯಾದರೆ ಯಾವುದರಿಂದ ಶುರು ಮಾಡಬೇಕು ಅಂತ ತಿಳಿಸು.

ಹತ್ತು ಬೇಡ, ನಾಲ್ಕೇ ಪುಸ್ತಕ ಇಟ್ಟುಕೊಂಡು ಮತ್ತೆ ಬರೆದು ಕಳಿಸು. ಅಂದಹಾಗೆ, ಪಟ್ಟಿಯ ಏಳನೆಯದನ್ನು ನೀನು ಪೂರ್ತಿ ಓದಿಲ್ಲ ಅಂತ ನನಗೆ ಗುಮಾನಿ. ಅದರ ಬಗ್ಗೆ ಬರೆದದ್ದೆಲ್ಲ ಹಿಂಬದಿಯ ರಟ್ಟಿನ ಮೇಲೇ ಇದೆ.

ನಿನ್ನ ಅಣ್ಣ