ಹಿಮ್ಮೇಳವಿಲ್ಲದ ಬಾರಿಸ್: ಗೆಳೆಯನಿಗೊಂದು ಪತ್ರ

ಕ್ಯಾನ್‌ಬೆರಾ

ಪ್ರಿಯ ಗೆಳೆಯ,

ಫೆಬ್ರವರಿಯಲ್ಲಿ ಇಲ್ಲಿನ ನಗರಕೇಂದ್ರದ ಬೀದಿಗಳನ್ನು ತುಂಬುವ ರಾಷ್ಟ್ರೀಯ ಬಹುಸಂಸ್ಕೃತಿ ಉತ್ಸವದಲ್ಲಿ ಈ ಸಲ ಇಂಡೋನೇಷ್ಯಾದವರ ಹಾಡು ಕುಣಿತಗಳನ್ನು ಕುಳಿತು ನೋಡಿದೆ. ಯಕ್ಷಗಾನಕ್ಕೆ ಮದ್ದಳೆ ನುಡಿಸುವ ನಿನಗಲ್ಲದೆ ಇದನ್ನು ಇನ್ನಾರಿಗೆ ಬರೆಯಲಿ?

ಮೊದಲು ಬಂದದ್ದು ಪಶ್ಚಿಮ ಜಾವಾದ ಅಂಕ್ಲುಂಗ್. ಚೌಕಟ್ಟಿಗೆ ತೂಗುಹಾಕಿದ ಬಿದಿರಿನ ಕೊಳವೆಗಳನ್ನು ಅಲುಗಿಸಿದರೆ ಹೊರಡುವುದು ಒಂದೇ ಸ್ವರ; ಆದ್ದರಿಂದ ಹಾಡು ಮೂಡಬೇಕಾದರೆ ಪ್ರತಿಯೊಬ್ಬರೂ ತಮ್ಮ ಸ್ವರದ ಸರದಿಗೆ ಕಾಯಬೇಕು. ಬಳಿಕ ಯುವತಿಯರ ಸಾಲೊಂದು ಮಂಡಿಯೂರಿ ಕುಳಿತು ಸುಮಾತ್ರಾ ದ್ವೀಪದ ಅಚೆ ಎಂಬ ಪ್ರಾಂತ್ಯದ ರಾತೋ ಜಾರೋ ಕುಣಿತವನ್ನು ಪ್ರದರ್ಶಿಸಿತು. ನಿರೂಪಕರು ಅದನ್ನು ಸಮನ್ ಎಂದೇ ಕರೆದರು. ಆದರೆ 2011ರಲ್ಲಿ ಯುನೆಸ್ಕೋ ತುರ್ತು ಸಂರಕ್ಷಣೆಯ ಪಟ್ಟಿಗೆ ಸೇರಿಸಿದ ಸಮನ್, ಅದೇ ಪ್ರಾಂತ್ಯದ ಗಾಯೋ ಬೆಟ್ಟನಾಡಿನ ಗಂಡಸರ ಕುಣಿತ. ಅಲ್ಲಿ ಎದೆ, ತೊಡೆ, ನೆಲ ಬಡಿದ ಸದ್ದೇ ತಾಳ, ಸಾಲಿನ ನಡುವೆ ಕುಳಿತವನೇ ಮುಂದಾಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಲಿಯ ಬಾರಿಸ್. ಹೆಗಲೇರಿಸಿ, ಕಣ್ಣರಳಿಸಿ, ಬೆರಳುಗಳನ್ನು ಕಂಪಿಸುತ್ತ ಒಬ್ಬನೇ ಕುಣಿಯುವ ಯೋಧನ ನೃತ್ಯವದು. ಅದರಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಸಿಡಿಯಬೇಕು ಎಂಬುದನ್ನು ನರ್ತಕನೇ ನಿರ್ಧರಿಸುತ್ತಾನೆ. ಅವನ ಮೈ ಕೊಡುವ ಆ ಸೂಚನೆಗೆ ಆಂಗ್ಸೆಲ್ ಎನ್ನುತ್ತಾರೆ. ಕೆಂಡಾಂಗ್ ಎಂಬ ಮದ್ದಳೆಯನ್ನು ನುಡಿಸುವವನು ಅದನ್ನು ಕಂಡು ಪೆಟ್ಟಿನ ಮೂಲಕ ಇಡೀ ಗಾಮೆಲಾನ್ ಮೇಳಕ್ಕೆ ದಾಟಿಸಿದಾಗ, ಕಂಚಿನ ವಾದ್ಯಗಳೆಲ್ಲ ಒಟ್ಟಿಗೆ ಗಕ್ಕನೆ ನಿಲ್ಲುತ್ತವೆ. ಭಾಗವತರತ್ತ ಕಿವಿಯಿಟ್ಟು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಡುವ ನಿನಗೆ ಈ ವ್ಯವಹಾರವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮಾತ್ರ ಹಿಮ್ಮೇಳವಿರಲಿಲ್ಲ, ಧ್ವನಿಮುದ್ರಣವಿತ್ತು. ಕಾರಣ ನನಗೆ ಅರ್ಥವಾಗುತ್ತದೆ: ಇಪ್ಪತ್ತಕ್ಕೂ ಹೆಚ್ಚು ವಾದಕರು ಬೇಕಾದ, ಭಾರವಾದ ಗಾಂಗ್‌ಗಳುಳ್ಳ ಮೇಳವನ್ನು ಕೆಲವೇ ನಿಮಿಷಗಳ ಅವಕಾಶವಿರುವ ಬೀದಿ ವೇದಿಕೆಗೆ ಹೊತ್ತು ತರುವುದು ಸುಲಭವಲ್ಲ. ಒಂದು ಮೇಳದ ವಾದ್ಯ ಕಡಿಮೆಯಾದರೆ ಇನ್ನೊಂದರಿಂದ ಎರವಲು ತರುವಂತೆಯೂ ಇಲ್ಲ, ಏಕೆಂದರೆ ಪ್ರತಿ ಮೇಳದ ಶ್ರುತಿ ಅದರದೇ. ಮೇಲಾಗಿ ಬಾಲಿಯಲ್ಲಿ ಜೋಡಿ ವಾದ್ಯಗಳ ಶ್ರುತಿಯಲ್ಲಿ ಬೇಕೆಂದೇ ತುಸು ವ್ಯತ್ಯಾಸವಿಡುತ್ತಾರೆ. ಅವು ಕೂಡಿ ನುಡಿದಾಗ ನಾದ ಅಲೆಯಲೆಯಾಗಿ ತುಯ್ಯುತ್ತದೆ. ಧ್ವನಿವರ್ಧಕದಲ್ಲಿ ಆ ತುಯ್ತ ಬಹುಪಾಲು ಅಡಗಿಹೋಗಿತ್ತು.

ಇಷ್ಟಾದರೂ ನರ್ತಕ ಸಮರ್ಥ. ಒಂದೆಡೆ ಅವನು ತಡೆದು ನಿಂತಾಗ ಸಂಗೀತ ನಿಲ್ಲದೆ ಓಡಿತು. ಕೂಡಲೇ ಅವನು ಕತ್ತನ್ನು ಪಕ್ಕಕ್ಕೆ ಸರಕ್ಕನೆ ಹೊರಳಿಸಿ, ಮುಂದಿನ ಗಾಂಗ್ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಸೇರಿಸಿದ. ಜನ ಚಪ್ಪಾಳೆ ತಟ್ಟಿದರು. ನನಗೋ, ಅಪ್ಪಣೆ ಕೊಡಬೇಕಾದವನು ಅಪ್ಪಣೆ ಪಾಲಿಸುತ್ತಿದ್ದಾನೆ ಎಂಬ ಕಸಿವಿಸಿ.

ಬಾರಿಸ್‌ಗೆ ನುಡಿಸುವ ಎಂಟು ಮಾತ್ರೆಯ ಗಿಲಾಕ್ ಆವರ್ತದ ಧ್ವನಿಮುದ್ರಣವೊಂದನ್ನು ಕಳುಹಿಸುತ್ತಿದ್ದೇನೆ. ಎರಡು ಕೆಂಡಾಂಗ್‌ಗಳು ಅದರಲ್ಲಿ ಪೆಟ್ಟುಗಳನ್ನು ಹಂಚಿಕೊಳ್ಳುವ ಬಗೆಯ ಬಗ್ಗೆ ನಿನ್ನ ಅಭಿಪ್ರಾಯ ಬರೆ.

ನಿನ್ನ ಗೆಳೆಯ