ಮಳೆಗಾಲದಲ್ಲಿ ಹಲ್ಲಿನ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಮಳೆ ಜೋರಾಗಿರುವ ಕಕ್ಕಡ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ತಪ್ಪುವುದಿಲ್ಲ. ಇಲಿಜ್ವರ, ಡೆಂಗಿಯ ಬಗ್ಗೆಯೂ ಎಚ್ಚರಿಕೆಯ ಮಾತು ಕೇಳಿಬರುತ್ತದೆ. ಹಲ್ಲಿನ ವಿಚಾರ ಮಾತ್ರ ನೋವು ಬಂದ ಮೇಲೆಯೇ ನೆನಪಾಗುತ್ತದೆ.

ಎಡೆಬಿಡದ ಮಳೆಗೆ ಮನೆಯೊಳಗೇ ಉಳಿಯುವ ಮಕ್ಕಳು ಬೆಲ್ಲದ ಕಾಫಿ, ಬಿಸ್ಕತ್ತು ಎಂದು ಹೊತ್ತುಹೊತ್ತಿಗೂ ಬಾಯಾಡಿಸುತ್ತಾರೆ. ಸಿಹಿಯ ಪ್ರಮಾಣದಷ್ಟೇ, ಅದು ದಿನಕ್ಕೆ ಎಷ್ಟು ಸಲ ಬಾಯಿಗೆ ಬೀಳುತ್ತದೆಂಬುದೂ ಮುಖ್ಯ. ಏಕೆಂದರೆ ಪ್ರತಿ ಸಲವೂ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸಿ ಹಲ್ಲಿನ ಹೊರಕವಚವನ್ನು ಸವೆಸುತ್ತವೆ. ಸಿಹಿಯನ್ನು ಊಟದ ಜೊತೆಗೇ ಕೊಟ್ಟು, ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ 2 ನಿಮಿಷ ಹಲ್ಲುಜ್ಜಿಸುವುದು ಒಳ್ಳೆಯದು. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು, ಯಾವ ಹಲ್ಲೂ ಬೀಳದೆ ಬರುವುದರಿಂದ, ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಹುಳುಕಾದರೂ ಸುಮ್ಮನಿರುವ ಪೋಷಕರಿದ್ದಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರದು.

ನಮ್ಮ ಥಂಡಿಯಲ್ಲಿ ಬ್ರಷ್ ಒಣಗುವುದೇ ಕಷ್ಟ. ಮುಚ್ಚಳ ಹಾಕಿಡದೆ, ಗಾಳಿಯಾಡುವಲ್ಲಿ ನೆಟ್ಟಗೆ ನಿಲ್ಲಿಸಬೇಕು. 3 ತಿಂಗಳಿಗೊಮ್ಮೆ ಬದಲಿಸಬೇಕು. ಬಾವಿ, ತೋಡುಗಳ ನೀರನ್ನು ಕುದಿಸಿಯೇ ಕುಡಿಯಬೇಕೆಂಬುದು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ.

ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಲ್ಲಿ (ಸಾಲುಮನೆಗಳಲ್ಲಿ) ಚಳಿ ತಡೆಯಲೆಂದು ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಜಗಿಯುವವರ ಸ್ಥಿತಿ ಇನ್ನೂ ಕಳವಳಕಾರಿ. ಬಾಯಿಯ ಹುಣ್ಣು 2 ವಾರವಾದರೂ ಮಾಯದಿದ್ದರೆ ತಪಾಸಣೆ ಅನಿವಾರ್ಯ; ಆದರೆ ದಿನಗೂಲಿ ಬಿಟ್ಟು ಪಟ್ಟಣದ ಆಸ್ಪತ್ರೆಗೆ ಹೋಗುವವರು ವಿರಳ. ಆದ್ದರಿಂದ ಆರೋಗ್ಯ ಇಲಾಖೆಯು ಮೇ ತಿಂಗಳೊಳಗೆ ಲೈನ್ ಮನೆಗಳ ಬಳಿಯೇ ದಂತ ತಪಾಸಣಾ ಶಿಬಿರ ನಡೆಸಬೇಕೆಂದೂ, ತೋಟದ ಮಾಲೀಕರು ಆ ದಿನದ ಕೂಲಿ ಕಡಿತಗೊಳಿಸಬಾರದೆಂದೂ ವಿನಂತಿಸುತ್ತೇನೆ.

– ಓದುಗರೊಬ್ಬರು, ಸೋಮವಾರಪೇಟೆ