ಕೋಚ್ ಹೋದ ಮೇಲಿನ ಹತ್ತು ದಿನ

ಚಿರಂಜೀವಿ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ಕೋಚನ್ನು ತೆಗೆದ ಸುದ್ದಿ ತಿಳಿಯಿತು. ಅದು ಸರಿಯೋ ತಪ್ಪೋ ಎಂಬ ಜಗಳ ಆಡಳಿತ ಮಂಡಳಿಗೆ ಬಿಟ್ಟದ್ದು. ನಿನ್ನ ಪಾಲಿಗೆ ಬಂದಿರುವುದು ಮುಂದಿನ ಹತ್ತು ದಿನ. ಈ ಹತ್ತು ದಿನಗಳಲ್ಲಿ ಆಟಗಾರನ ಹೆಸರು ಕೆಡುವುದು ಎಷ್ಟೋ ಸಲ ಸೋತಾಗ ಅಲ್ಲ, ಗೆದ್ದಾಗ.

ಇಂಗ್ಲೆಂಡಿನ ಲೆಸ್ಟರ್ ಸಿಟಿಯನ್ನೇ ನೋಡು. 5000ಕ್ಕೆ 1ರ ಬಾಜಿ ದರವನ್ನು ಸುಳ್ಳು ಮಾಡಿ 2016ರಲ್ಲಿ ಅಲ್ಲಿನ ಅತ್ಯುನ್ನತ ಲೀಗಾದ ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬು, ಒಂಬತ್ತೇ ತಿಂಗಳಿಗೆ, 2017ರ ಫೆಬ್ರವರಿ 23ರಂದು ಕೋಚ್ ಕ್ಲಾಡಿಯೊ ರಾನಿಯೇರಿಯನ್ನು ಮನೆಗೆ ಕಳಿಸಿತು. ಆ ವರ್ಷ ಲೀಗಿನಲ್ಲಿ ಅಲ್ಲಿಯವರೆಗೆ ಒಂದೂ ಗೋಲು ಹೊಡೆಯದಿದ್ದ ಅದೇ ಆಟಗಾರರು ನಾಲ್ಕು ದಿನ ಕಳೆದು ಲಿವರ್‌ಪೂಲನ್ನು 3–1ರಲ್ಲಿ ಸೋಲಿಸಿದರು. ಎರಡು ಗೋಲು ಜೇಮಿ ವಾರ್ಡಿಯವು. ‘ಈ ಓಟ ಕಳೆದ ವಾರ ಎಲ್ಲಿತ್ತು?’ ಎಂಬ ಪ್ರಶ್ನೆ ಎದ್ದಿತು. ಕೋಚನ್ನು ತೆಗೆಸಿದ್ದರಲ್ಲಿ ತನ್ನ ಕೈವಾಡವಿಲ್ಲವೆಂದು ವಾರ್ಡಿ ಬಹಿರಂಗವಾಗಿ ಹೇಳಬೇಕಾಯಿತು. ಕೊಲೆ ಬೆದರಿಕೆಗಳೂ ಬಂದವು. ಚೆಲ್ಸಿಯ ಕಥೆಯೂ ಬೇರೆಯಲ್ಲ. 2015ರ ಡಿಸೆಂಬರ್ 17ಕ್ಕೆ ಕೋಚ್ ಮೊರಿನ್ಯೊ ಹೋದರು, 19ಕ್ಕೆ ಸಂಡರ್‌ಲೆಂಡ್ ಮೇಲೆ 3–1ರ ಗೆಲುವು ಬಂತು. ಗೆದ್ದ ದಿನವೇ ಸ್ವಂತ ಅಭಿಮಾನಿಗಳು ತಂಡದ ಆಟಗಾರರಾದ ಡಿಯೆಗೊ ಕೋಸ್ಟಾ, ಫ್ಯಾಬ್ರೆಗಾಸರನ್ನು ಹೀಯಾಳಿಸಿದರು.

ಗ್ಯಾಲರಿಯ ಈ ಅನುಮಾನ ಅರ್ಧ ಮಾತ್ರ ನ್ಯಾಯ. ಕೋಚನ್ನು ತೆಗೆಯುವುದು ತಂಡ ತೀರ ತಳ ಮುಟ್ಟಿದಾಗ. ತಳ ಮುಟ್ಟಿದ್ದು ಸಾಮಾನ್ಯವಾಗಿ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ನೆದರ್ಲೆಂಡ್ಸಿನ ಲೀಗಿನಲ್ಲಿ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಅಳೆದು ಕಂಡದ್ದು ಇದನ್ನೇ: ಕೋಚನ್ನು ಬದಲಿಸಿದ ತಂಡಗಳೂ ಅಷ್ಟೇ ಕುಸಿದು ಬದಲಿಸದೆ ಉಳಿದ ತಂಡಗಳೂ ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡಿದ್ದವು. ಆದರೆ ಟಿಕೆಟ್ ಕೊಂಡು ಮಳೆಯಲ್ಲಿ ನಿಂತವರಿಗೆ ಈ ಲೆಕ್ಕ ಒಪ್ಪಿಸಲು ಹೋಗಬೇಡ.

ಈಗ ಕೆಲಸದ ಮಾತು. ಇವತ್ತೇ ನಿನ್ನ ಫೋನ್ ತೆಗೆದು, ಮೊದಲೇ ನಿಗದಿ ಮಾಡಿಟ್ಟ ಪೋಸ್ಟುಗಳನ್ನೆಲ್ಲ ನಿಲ್ಲಿಸು. ನಿನ್ನ ಪ್ರಾಯೋಜಕರ ಕೈಯಲ್ಲಿ ಖಾತೆಯ ಕೀಲಿ ಇದ್ದರೆ ಅವರಿಗೂ ಹೇಳು. 2018ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮೊರಿನ್ಯೊರನ್ನು ತೆಗೆದ ಬೆಳಿಗ್ಗೆ ಆ ತಂಡದ ಆಟಗಾರ ಪೋಗ್ಬಾ ಖಾತೆಯಲ್ಲಿ ಓರೆನಗುವಿನ ಚಿತ್ರವೊಂದು ಬಂದು, ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ಅದು ಮೊದಲೇ ನಿಗದಿಯಾಗಿದ್ದ ಜಾಹೀರಾತು ಎಂಬ ವಿವರಣೆ ಆಮೇಲೆ ಬಂತು. ಅಷ್ಟರಲ್ಲಿ ಸ್ಕ್ರೀನ್‌ಶಾಟು ಲೋಕವೆಲ್ಲ ಸುತ್ತಿತ್ತು. ಲೈಕ್ ಒತ್ತುವ ಬೆರಳಿಗೂ ರಜೆ ಕೊಡು. ‘ತೊಲಗಿದ’ ಎಂದು ಬರೆದವನ ಪೋಸ್ಟಿಗೆ ನೀನು ಕೊಟ್ಟ ಒಂದು ಲೈಕು ಸುದ್ದಿಯಾಗುತ್ತದೆ.

ಹೋದವರಿಗೆ ಮೊದಲು ಖಾಸಗಿ ಸಂದೇಶ, ಆಮೇಲೆ ಸಾರ್ವಜನಿಕ ಧನ್ಯವಾದ. ಈ ಕ್ರಮ ತಪ್ಪಬಾರದು. ಸಂದೇಶ ಮೂರು ನಾಲ್ಕು ಸಾಲಿರಲಿ, ಅದರಲ್ಲಿ ಅವರಿಂದ ಕಲಿತ ಒಂದು ಖಚಿತ ವಿಷಯವಿರಲಿ: ಚೆಂಡು ಬರುವ ಮುನ್ನ ಭುಜದ ಮೇಲಿಂದ ಹಿಂದೆ ನೋಡುವುದೋ, ಎಡಗಾಲಿನ ಪಾಸೋ. ಸಾರ್ವಜನಿಕ ಮಾತು ಕ್ಲಬ್ಬಿನ ಹೇಳಿಕೆ ಹೊರಬಿದ್ದ ಮೇಲೆ, ಎರಡೇ ವಾಕ್ಯ. ನೀನು ಗೋಲು ಹೊಡೆದು ಕುಣಿಯುವ ಚಿತ್ರ ಬೇಡ, ಅದು ನಿನ್ನ ಬಗ್ಗೆಯೇ ಆಗಿಬಿಡುತ್ತದೆ.

ಸಂದರ್ಶನದಲ್ಲಿ ‘ಡ್ರೆಸ್ಸಿಂಗ್ ರೂಮ್ ಅವರ ಕೈಬಿಟ್ಟಿತ್ತೇ?’ ಎಂಬ ಪ್ರಶ್ನೆ ಕಠಿಣವಾಗಿ ಕಾಣುತ್ತದೆ, ಆದರೆ ಬಲೆ ಅದಲ್ಲ. ಬಲೆ ‘ಹೊಸ ಕೋಚ್ ಏನು ಬದಲಿಸಿದರು?’ ಎಂಬ ನಗುಮೊಗದ ಪ್ರಶ್ನೆ. ‘ಈಗ ತರಬೇತಿ ಖುಷಿಯಾಗಿದೆ’ ಎಂದೆಯೋ, ಮೊದಲು ನರಕವಿತ್ತು ಎಂದು ಅಚ್ಚಾಗುತ್ತದೆ. ಎದುರಾಳಿಯ ಬಗ್ಗೆ, ನಿನ್ನ ಸ್ಥಾನದ ಕೆಲಸದ ಬಗ್ಗೆ ಮಾತಾಡಿ ಎದ್ದು ಬಾ. ಏಜೆಂಟಿನ ಬಾಯಿಗೂ ಇದೇ ನಿಯಮ. ‘ಆಪ್ತ ಮೂಲಗಳು’ ಯಾರೆಂದು ಡ್ರೆಸ್ಸಿಂಗ್ ರೂಮಿನಲ್ಲಿ ಒಂದೇ ದಿನಕ್ಕೆ ಗೊತ್ತಾಗುತ್ತದೆ.

ಮೈದಾನದ ವಿಷಯ ಇನ್ನೂ ಮುಖ್ಯ. ಹೋದವರ ಸಹಾಯಕರೂ ಫಿಟ್‌ನೆಸ್ ಕೋಚೂ ಸಾಮಾನ್ಯವಾಗಿ ಜೊತೆಯಲ್ಲೇ ಹೋಗುತ್ತಾರೆ, ಹಂಗಾಮಿ ಕೋಚಿಗೆ ಸಿಗುವುದು ಎರಡು ಮೂರು ಅಭ್ಯಾಸ. ಅಷ್ಟರಲ್ಲಿ ಆಟದ ಶೈಲಿ ಬದಲಾಗುವುದಿಲ್ಲ. ರಕ್ಷಣೆಯ ಸಾಲು ಬಿಗಿಯಾಗುತ್ತದೆ, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಹಂಚಿಕೆ ಬದಲಾಗುತ್ತದೆ, ಅಷ್ಟೆ. ಎಡವಟ್ಟಾಗುವುದು ಸಾಮಾನ್ಯವಾಗಿ ಪ್ರೆಸಿಂಗಿನಲ್ಲಿ, ಅಂದರೆ ಚೆಂಡು ಕಸಿಯಲು ಎದುರಾಳಿಯ ಮೇಲೆ ಒಟ್ಟಾಗಿ ನುಗ್ಗುವುದರಲ್ಲಿ. ಮುಂದಿನ ಮೂವರು ಹೊಸ ಮಾತು ಕೇಳಿ ಕಾಯುತ್ತಾರೆ, ಮಿಡ್‌ಫೀಲ್ಡಿನವರು ಹಳೆಯ ರೂಢಿಯಲ್ಲಿ ನುಗ್ಗುತ್ತಾರೆ, ನಡುವೆ ಇಪ್ಪತ್ತು ಮೀಟರ್ ಖಾಲಿ ಜಾಗ ಬಾಯಿ ತೆರೆಯುತ್ತದೆ. ಹಾಗಾಗಿ ಮೊದಲ ದಿನವೇ ಮೂರು ಪ್ರಶ್ನೆ ಕೇಳಿಬಿಡು: ಯಾವ ಪಾಸ್ ಕಂಡಾಗ ನುಗ್ಗಬೇಕು, ಕಾರ್ನರಿನಲ್ಲಿ ನಾನು ಕಾಯುವುದು ಜಾಗವನ್ನೋ ಆಳನ್ನೋ, ನಾವು ದಾಳಿಯಲ್ಲಿರುವಾಗ ಹಿಂದೆ ಉಳಿಯುವವರು ಯಾರು. ಪೆದ್ದು ಪ್ರಶ್ನೆ ಎಂದು ಯಾರೂ ನಗುವುದಿಲ್ಲ, ಉಳಿದವರಿಗೂ ಅದೇ ಬೇಕಿರುತ್ತದೆ.

ಇನ್ನೊಂದು ಅಪಾಯ ತೊಡೆಯ ಹಿಂದಿನ ಸ್ನಾಯು. ಮೊದಲ ಅಭ್ಯಾಸದಲ್ಲಿ ಹೊಸಬರ ಕಣ್ಣಿಗೆ ಬೀಳಲು ಎಲ್ಲರೂ ಪೂರ್ಣ ವೇಗದಲ್ಲಿ ಓಡುತ್ತಾರೆ. ತಿಂಗಳುಗಟ್ಟಲೆ ಬೆಂಚಿನಲ್ಲಿದ್ದವರು ಇನ್ನೂ ಹೆಚ್ಚು. ಬಿಗಿತ ಕಂಡರೆ ಫಿಸಿಯೊಗೆ ನಿಜ ಹೇಳು. ಒಂದು ಅಭ್ಯಾಸ ತಪ್ಪಿಸಿದವನಿಗೆ ಅವಕಾಶ ಮತ್ತೆ ಸಿಗುತ್ತದೆ, ಸ್ನಾಯು ಹರಿದವನು ವಾರಗಟ್ಟಲೆ ಹೊರಗೇ.

ಪಂದ್ಯದ ದಿನ ಅಭಿಮಾನಿಗಳು ಹಳೆಯ ಕೋಚಿನ ಹೆಸರು ಕೂಗಿದರೆ ಬೆಚ್ಚಬೇಡ. ಚೆಲ್ಸಿಗೆ ಯುರೋಪಿನ ಅತಿ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಕೋಚ್ ಡಿ ಮ್ಯಾಟಿಯೊರನ್ನು 2012ರ ನವೆಂಬರಿನಲ್ಲಿ ತೆಗೆದಾಗ, ಅವರು ಆಡುವಾಗ ತೊಟ್ಟಿದ್ದ ಅಂಗಿಯ ಸಂಖ್ಯೆಗೆ ಸರಿಯಾಗಿ ಚೆಲ್ಸಿ ಅಭಿಮಾನಿಗಳು 16ನೇ ನಿಮಿಷದಲ್ಲಿ ಚಪ್ಪಾಳೆ ತಟ್ಟಿದರು. ಹಂಗಾಮಿಯಾಗಿ ಬಂದ ಬೆನಿಟೆಜ್‌ಗೆ ಹೀಯಾಳಿಕೆ ಸಿಕ್ಕಿತು, ಆದರೂ ಆ ಋತುವಿನಲ್ಲಿ ತಂಡ ಮೂರನೆಯ ಸ್ಥಾನ ಪಡೆದು ಯುರೋಪಿನ ಎರಡನೆಯ ಕಪ್ಪಾದ ಯುರೋಪಾ ಲೀಗ್ ಗೆದ್ದಿತು. ಆ ಚಪ್ಪಾಳೆ ಹೋದವರಿಗೆ ಸಂದದ್ದು, ನಿನ್ನ ವಿರುದ್ಧವಲ್ಲ. ನೀನೇ ಗೋಲು ಹೊಡೆದರೆ ತುಟಿಗೆ ಬೆರಳಿಡುವುದು, ಕಿವಿಗೆ ಕೈಯಾನಿಸುವುದು ಬೇಡವೇ ಬೇಡ. ಸಹ ಆಟಗಾರರನ್ನು ತಬ್ಬಿಕೊಂಡು ಮಧ್ಯಗೆರೆಗೆ ಓಡು. ಕೊನೆಯ ಸೀಟಿ ಊದಿದ ಮೇಲೆ, ಬೈದರೂ ಸರಿ, ಅಭಿಮಾನಿಗಳ ಸ್ಟ್ಯಾಂಡಿನ ಹತ್ತಿರ ಹೋಗಿ ಚಪ್ಪಾಳೆ ತಟ್ಟಿ ಬಾ. ಡ್ರೆಸ್ಸಿಂಗ್ ರೂಮಿಗೆ ಹೋಗುವ ಸುರಂಗದೊಳಗೆ ಮೊದಲು ನುಗ್ಗಿದವನ ಬೆನ್ನಿನ ಸಂಖ್ಯೆ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ವಾರ ಕಳೆದ ಮೇಲೆ ಹಳೆಯ ಕೋಚಿಗೆ ಒಂದು ಫೋನ್ ಮಾಡು. ಮೊದಲ ದಿನ ಬಿಡುವಿಲ್ಲದೆ ಬಡಿದುಕೊಂಡ ಅವರ ಫೋನು ಎಂಟನೆಯ ದಿನಕ್ಕೆ ಸುಮ್ಮನಾಗಿರುತ್ತದೆ.

ಇಂತಿ,
ನಿನ್ನ ಸೋದರಮಾವ